ಮೆಳ್ಳೆಗಣ್ಣೂ ಎರಡು ತಾಸಿನ ಪಟ್ಟಿಯೂ

ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ದೂರದಿಂದ ಗುರುತಿಸಲು ಒಂದು ಕಣ್ಣು ಸಾಕು. ಕೌದಿಯ ಸೂಜಿಗೆ ದಾರ ಪೋಣಿಸುವಾಗ ಮಾತ್ರ ಎರಡೂ ಕಣ್ಣು ಒಂದೇ ಕಡೆ ನೆಟ್ಟರೆ ಕೈಗೆ ಸುಲಭ. ಸೂಸನ್ ಬ್ಯಾರಿಯವರ 'ಫಿಕ್ಸಿಂಗ್ ಮೈ ಗೇಜ್' (2009) ಗ್ರಂಥದ ವಸ್ತು ಈ ಎರಡನೆಯ ಬಗೆಯ ನೋಟ. ಎಳವೆಯಿಂದ ಮೆಳ್ಳೆಗಣ್ಣಿದ್ದ ಈ ನರವಿಜ್ಞಾನಿ 48ರ ವಯಸ್ಸಿನಲ್ಲಿ ಕಣ್ಣಿನ ವ್ಯಾಯಾಮಗಳಿಂದ ಅದನ್ನು ಪಡೆದರು. ಬೀಳುವ ಹಿಮದ ನಡುವೆ ತಾವೂ ನಿಂತಿರುವುದನ್ನು ಮೊದಲ ಸಲ ಕಂಡ ಪ್ರಸಂಗವನ್ನು ಅವರು ಬಹಳ ಸೊಗಸಾಗಿ ಬರೆದಿದ್ದಾರೆ.

ಸೊಗಸಾಗಿರುವುದರಿಂದಲೇ ಓದುಗರಿಗೆ ಎಚ್ಚರ ಬೇಕೆನ್ನುತ್ತೇನೆ. ಬ್ಯಾರಿಯವರಿಗೆ ಬಾಲ್ಯದಲ್ಲೇ ಮೂರು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಎರಡು ಕಣ್ಣುಗಳನ್ನೂ ಸರದಿಯಂತೆ ಬಳಸುತ್ತಿದ್ದರಾಗಿ ಯಾವುದೂ ಮಂದವಾಗಿರಲಿಲ್ಲ. 'ಮೆಳ್ಳೆಗಣ್ಣು ಅದೃಷ್ಟ' ಎಂದು ಮನೆಯವರು ಸುಮ್ಮನಿದ್ದುಬಿಟ್ಟ ಮಗುವಿನ ಕಥೆ ಬೇರೆ. ಓರೆಗಣ್ಣಿನ ಚಿತ್ರವನ್ನು ಮಿದುಳು ತಳ್ಳಿಹಾಕುತ್ತ ಹೋಗಿ, ಆ ಕಣ್ಣಿನ ದೃಷ್ಟಿಯೇ ಕುಂದಬಹುದು.

1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಬಾಲಕನೊಬ್ಬನ ಕಣ್ಣಿನ ಸ್ನಾಯು ಕತ್ತರಿಸಿ ಮೆಳ್ಳೆಗಣ್ಣನ್ನು ನೇರ ಮಾಡಿದರು. (ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಠಗ್ಗರ ಕಾದಂಬರಿ ಹೊರಬಂದ ವರ್ಷವೂ ಅದೇ.) ಆಗ ಎಲ್ಲರ ಗಮನ ಸ್ನಾಯುವಿನ ಮೇಲೆ. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್, ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟರೆ ಮಿದುಳೇ ಅದನ್ನು ಮರೆಯುತ್ತದೆಂದು ತೋರಿಸಿಕೊಟ್ಟರು. ವಯಸ್ಸು ಮೀರಿದರೆ ಚಿಕಿತ್ಸೆ ವ್ಯರ್ಥವೆಂಬ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಯಿತು. ಅದನ್ನು ಸಡಿಲಿಸಿದ್ದು ಅಮೆರಿಕದ 2005ರ ಪರೀಕ್ಷೆ: 7ರಿಂದ 12 ವಯಸ್ಸಿನ ಮಂದದೃಷ್ಟಿಯ ಮಕ್ಕಳಲ್ಲಿ, ಕನ್ನಡಕದ ಜೊತೆಗೆ ಪಟ್ಟಿ ಮತ್ತು ಅಟ್ರೋಪಿನ್ ಹನಿ ಪಡೆದವರ ಪೈಕಿ ನೂರಕ್ಕೆ 53 ಮಂದಿಗೆ ಗುಣ ಕಂಡಿತು, ಬರಿಯ ಕನ್ನಡಕದವರಲ್ಲಿ ನೂರಕ್ಕೆ 25 ಮಂದಿಗೆ.

ಈಚೆಗೆ ಸಂಶೋಧಕರ ಒಲವು ಯಂತ್ರಗಳ ಕಡೆಗೆ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಆಟಗಳ ಕಡೆಗೆ. ನನಗೆ ಹೆಚ್ಚಿನದೆಂದು ತೋರುವುದು 2003ರ ಒಂದು ಸಪ್ಪೆ ವರದಿ. 7ಕ್ಕಿಂತ ಕಿರಿಯರಲ್ಲಿ ದೋಷ ಮಧ್ಯಮವಾಗಿದ್ದರೆ, ಒಳ್ಳೆಯ ಕಣ್ಣಿಗೆ ದಿನಕ್ಕೆ 6 ತಾಸು ಪಟ್ಟಿ ಕಟ್ಟಿದಷ್ಟೇ ಗುಣ 2 ತಾಸಿನಿಂದಲೂ ಆಯಿತು! ಯಾದಗಿರಿಯ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವ ತಾಯಿಗೆ 6 ತಾಸು ಮಗುವಿನ ಪಟ್ಟಿ ಕಾಯುವುದು ಆಗದ ಮಾತು. 2 ತಾಸು ಆದೀತು.

ಆದರೆ ಆ ಮಗುವನ್ನು ಮೊದಲು ಗುರುತಿಸುವವರಾರು, ಗುಳೆ ಹೊರಟ ಮೇಲೆ ವಿಚಾರಿಸುವವರಾರು ಎಂಬುದೂ ಸಂಶೋಧನೆಯ ವಿಷಯವಾಗಬೇಡವೆ? ಯಾದಗಿರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಟಾರ್ಚಿನ ಬೆಳಕು ಮಗುವಿನ ಎರಡೂ ಪಾಪೆಗಳಲ್ಲಿ ಒಂದೇ ಜಾಗದಲ್ಲಿ ಮಿನುಗುತ್ತದೆಯೆ ಎಂದು ಅಂಗನವಾಡಿಯಲ್ಲಿ ನೋಡುವುದಕ್ಕೆ ಯಾವ ಯಂತ್ರವೂ ಬೇಡ. ಹೆಚ್ಚುಕಡಿಮೆ ಕಂಡರೆ ಕಣ್ಣಿನ ವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟರಾಯಿತು.