ಶಿಬಿರದ ಅಕ್ಕಾರು

ಬೇಸಿಗೆ ಶಿಬಿರ ಹೇಗಾಯಿತು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಸಮಾರೋಪದ ಸಂಜೆಯ ಮಾತೇ ಬರುತ್ತದೆ. ನಾಟಕ ಚಲೋ ಆಯಿತು, ಕುಣಿತದ ಬಟ್ಟೆ ಚಂದ ಇದ್ದವು, ಅತಿಥಿಗಳ ಭಾಷಣ ತುಸು ಉದ್ದವಾಯಿತು, ಎಲ್ಲ ಮಕ್ಕಳಿಗೂ ಸರ್ಟಿಫಿಕೇಟ್ ಸಿಕ್ಕಿತು. ಅದಕ್ಕೂ ಮುಂಚಿನ ಹದಿನೈದು ಇಪ್ಪತ್ತು ದಿನ ಮಕ್ಕಳು ಅಲ್ಲಿ ಹೇಗಿದ್ದರು, ಅವರ ಜೊತೆ ಯಾರಿದ್ದರು ಎಂಬುದನ್ನು ಯಾರೂ ಎತ್ತುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಯೂ ಏಪ್ರಿಲ್ ಎರಡನೆಯ ವಾರ ಶಾಲೆಗೆ ಸೂಟಿ ಬಿದ್ದದ್ದೇ ತಡ, ಶಿಬಿರದ ಬ್ಯಾನರುಗಳು ಏಳುತ್ತವೆ. ಇಷ್ಟು ಹಬ್ಬಿದ ಒಂದು ರೂಢಿಯನ್ನು ನಾಟಕವನ್ನೋ ಪುಸ್ತಕವನ್ನೋ ನೋಡುವಷ್ಟೇ ಎಚ್ಚರದಿಂದ ನೋಡಬೇಕು. ನೋಡಿದರೆ ನನಗೆ ಕಾಣುವುದು ಇದು: ಶಿಬಿರದ ಬೆಲೆ ನಿಂತಿರುವುದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮಕ್ಕಳ ಜೊತೆಗೇ ಇರುವ ಆ ಹುಡುಗ ಹುಡುಗಿಯರ ಮೇಲೆ. ಅವರು ಮಾಡುವುದನ್ನು ನಾವಿನ್ನೂ ಕೆಲಸ ಎಂದೇ ಎಣಿಸಿಲ್ಲ.

ಜಮಖಂಡಿಯ ಒಂದು ಶಿಬಿರದಲ್ಲಿ ನಾನೂ ಈ ಕೆಲಸ ಮಾಡಿದ್ದೇನೆ. ಅದಕ್ಕೊಂದು ಹುದ್ದೆಯ ಹೆಸರಿಲ್ಲ. ಬ್ಯಾನರಿನಲ್ಲಿ ಸಂಪನ್ಮೂಲ ವ್ಯಕ್ತಿಗಳ ಫೋಟೋ ಇರುತ್ತದೆ, ಸಂಚಾಲಕರ ಫೋಟೋ ಇರುತ್ತದೆ, ಇವರದು ಇರುವುದಿಲ್ಲ. ಮಕ್ಕಳು ‘ಅಕ್ಕಾರ’, ‘ಅಣ್ಣಾರ’ ಎಂದು ಕೂಗುತ್ತಾರೆ, ಅದೇ ಹೆಸರು. ಬಹುಪಾಲು ಡಿ.ಎಡ್., ಬಿ.ಎಡ್. ಓದುವವರು, ಡಿಗ್ರಿ ಮುಗಿಸಿ ಕೆಲಸಕ್ಕೆ ಕಾಯುವವರು, ಅಲ್ಲಿ ಇಲ್ಲಿ ನಾಟಕದ ಹುಚ್ಚು ಹತ್ತಿಸಿಕೊಂಡವರು. ಒಬ್ಬೊಬ್ಬರ ಪಾಲಿಗೆ ಇಪ್ಪತ್ತೈದು ಮೂವತ್ತು ಮಕ್ಕಳು.

ನಮ್ಮಲ್ಲಿ ಬಿಸಿಲು ಮಧ್ಯಾಹ್ನ ನಲವತ್ತು ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಶಿಬಿರ ಎಂಟಕ್ಕೆ ಶುರುವಾಗಿ ಒಂದಕ್ಕೆ ಮುಗಿಯುತ್ತದೆ. ವೇಳಾಪಟ್ಟಿಯಲ್ಲಿ ಯೋಗ, ಹಾಡು, ಚಿತ್ರ, ಅಲ್ಪೋಪಾಹಾರ, ನಾಟಕದ ತಾಲೀಮು, ಕರಕುಶಲ ಎಂದು ಬರೆದಿರುತ್ತದೆ. ಅಕ್ಕಾರ ದಿನ ಈ ಪಟ್ಟಿಯ ಸಂದುಗಳಲ್ಲಿ ನಡೆಯುತ್ತದೆ. ಬಂದವರ ತಲೆ ಎಣಿಸಬೇಕು, ಹೋಗುವಾಗ ಮತ್ತೆ ಎಣಿಸಬೇಕು. ಯಾವ ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂಬುದು ನೆನಪಿರಬೇಕು. ಬಿಸಿಲಿಗೆ ಒಬ್ಬನ ಮೂಗಿನಲ್ಲಿ ರಕ್ತ ಬಂದರೆ ನೆರಳಿಗೆ ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಮೂಗು ಒತ್ತಿ ಹಿಡಿಯಬೇಕು. ಹಿಂದಕ್ಕೆ ಬಗ್ಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ ಎಂಬುದು ಗೊತ್ತಿರಬೇಕು. ‘ಅಂವ ನಂಗ ಬಡದಾನ್ರಿ’ ಎಂದು ಬಂದವನ ಮಾತನ್ನೂ ಕೇಳಬೇಕು, ಬಡಿದವನ ಮಾತನ್ನೂ ಕೇಳಬೇಕು, ಅಷ್ಟರಲ್ಲಿ ಚಿತ್ರಕ್ಕೆ ನೀರು ಚೆಲ್ಲಿದ ಮೂರನೆಯವಳು ಅಳುತ್ತಿರುತ್ತಾಳೆ. ಚಿತ್ರ ಕಲಿಸುವವರು ಮುಕ್ಕಾಲು ಗಂಟೆಗೆ ಬಂದು, ಮುಗಿಸಿ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಅವರ ಪಾಠ ಎಷ್ಟು ಒಳ್ಳೆಯದಾಗಿದ್ದರೂ ಅದು ಮಗುವಿಗೆ ತಲುಪಿತೋ ಇಲ್ಲವೋ ಎಂಬುದು ಉಳಿದವರ ಕೈಯಲ್ಲಿರುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿ ಮೊದಲ ದಿನಗಳಲ್ಲಿ ಯಾವುದಕ್ಕೂ ಏಳುತ್ತಿರಲಿಲ್ಲ. ಹಾಡಿಗೂ ಇಲ್ಲ, ಬಣ್ಣಕ್ಕೂ ಇಲ್ಲ. ನೀರಿನ ಹರವಿಯ ಪಕ್ಕ ಕೂತಿರುತ್ತಿದ್ದಳು. ಒಬ್ಬ ಅಕ್ಕ ಅವಳನ್ನು ‘ಬಾ’ ಎಂದು ಒಮ್ಮೆಯೂ ಕರೆಯಲಿಲ್ಲ. ಪಕ್ಕದಲ್ಲಿ ಕೂತು ಐದು ಹರಳು ಆರಿಸಿ ತಾನೇ ಆಣಿಕಲ್ಲು ಆಡತೊಡಗಿದಳು. ಬೇಕಂತಲೇ ಬೀಳಿಸುತ್ತಿದ್ದಳೋ, ನಿಜಕ್ಕೂ ಬರುತ್ತಿರಲಿಲ್ಲವೋ, ಹುಡುಗಿ ನೋಡಿ ನೋಡಿ, ‘ಹಂಗಲ್ರಿ ಅಕ್ಕಾರ, ತಡೀರಿ’ ಎಂದು ಹರಳು ಇಸಿದುಕೊಂಡಳು. ಮರುದಿನ ಅವಳ ಸುತ್ತ ಐದಾರು ಹುಡುಗಿಯರು ಕೂತಿದ್ದರು. ಶಿಬಿರದಲ್ಲಿ ನಾನು ಕಂಡ ಅತ್ಯುತ್ತಮ ಪಾಠ ಅದು. ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಸಮಾರೋಪದಲ್ಲಿ ತೋರಿಸುವಂಥದ್ದೂ ಅಲ್ಲ.

ಅಲ್ಪೋಪಾಹಾರದ ಅರ್ಧ ಗಂಟೆಯೂ ಅಂಥದ್ದೇ. ಡಬ್ಬಿಗಳು ತೆರೆದಾಗ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ, ಚುರುಮುರಿ, ಅಂಗಡಿಯ ಬಿಸ್ಕೀಟು ಎಲ್ಲ ಒಂದೇ ಬೇವಿನ ಗಿಡದ ನೆರಳಿಗೆ ಬರುತ್ತವೆ. ಬೇರೆ ಬೇರೆ ಓಣಿಯ, ಬೇರೆ ಬೇರೆ ಶಾಲೆಯ ಮಕ್ಕಳು ಹೀಗೆ ಕೂತು ಉಣ್ಣುವ ಜಾಗಗಳು ಊರಿನಲ್ಲಿ ಎಷ್ಟಿವೆ? ತಿಂದ ಮೇಲೆ ಯಾರೂ ಹೇಳದೆಯೇ ಗಿಡಮಂಗ್ಯಾ, ಲಗೋರಿ ಶುರುವಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಸರಕಾರಿ ಶಾಲೆಯ ಹುಡುಗ ಆಟದ ಕಾಯಿದೆ ಕಲಿಸುತ್ತಾನೆ. ಈ ಹೊತ್ತನ್ನು ಉದ್ದ ಮಾಡಿ ಎಂದರೆ ಸಂಚಾಲಕರು ಹೆದರುತ್ತಾರೆ. ಫೀ ಕೊಟ್ಟ ಪಾಲಕರು ‘ಬರೇ ಆಡಸ್ತಾರ’ ಎಂದಾರು ಎಂಬ ಹೆದರಿಕೆ. ಹಾಗಾಗಿ ಕೊನೆಯ ವಾರ ಬಂದಂತೆ ಮೊದಲು ಕತ್ತರಿ ಬೀಳುವುದು ಈ ಅರ್ಧ ಗಂಟೆಗೇ. ಎಲ್ಲ ತಾಲೀಮಿಗೆ ಹೋಗುತ್ತದೆ.

ತಾಲೀಮಿನ ಬಗ್ಗೆ ನನ್ನ ತಕರಾರು ದೊಡ್ಡದು. ಮಕ್ಕಳ ನಾಟಕದ ಮೇಲೆ ನನಗೆ ಪ್ರೀತಿ ಇದೆ, ಅದಕ್ಕೇ ಹೇಳುತ್ತೇನೆ. ಗಿಡದ ಕೆಳಗೆ ಪಟಪಟ ಮಾತಾಡುವ ಮಗು ವೇದಿಕೆಗೆ ಹತ್ತಿದ ಕೂಡಲೇ ಕಟ್ಟಿಗೆಯಾಗುತ್ತದೆ. ಕಾರಣ ಅಂಜಿಕೆಯಷ್ಟೇ ಎಂದು ನಾವು ತಿಳಿಯುತ್ತೇವೆ. ಅಂಜಿಕೆಗಿಂತ ಹೆಚ್ಚಾಗಿ ಅದು ಬಾಯಿಗೆ ಬಾರದ ಮಾತಿನ ತೊಂದರೆ. ಸ್ಕ್ರಿಪ್ಟು ಮೈಸೂರು ಬೆಂಗಳೂರಿನಿಂದ ಬಂದದ್ದು. ‘ಹೋಗ್ತೀನ್ರಿ’ ಎನ್ನುವ ಮಗುವಿಗೆ ‘ಹೋಗುತ್ತೇನೆ’ ಎಂದು ತಿದ್ದುತ್ತ ದಿನ ಕಳೆಯುತ್ತೇವೆ. ಇದೇ ಸೀಮೆ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದ ಸೀಮೆ. ಕುಲಗೋಡ ತಮ್ಮಣ್ಣನ ಪರಂಪರೆಯಲ್ಲಿ, ಕೌಜಲಗಿ ನಿಂಗಮ್ಮನಂಥವರ ಬಾಯಲ್ಲಿ, ಸತ್ಯಭಾಮೆ ರುಕ್ಮಿಣಿಯರು ಈ ನೆಲದ ಮಾತನ್ನೇ ಆಡಿ ರಾತ್ರಿಯಿಡೀ ಜನರನ್ನು ಕೂರಿಸಿದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಇದೇ ಭಾಷೆಯಲ್ಲಿ ನಾಟಕ ಬರೆದು ಜ್ಞಾನಪೀಠದವರೆಗೆ ಹೋದರು. ದೊಡ್ಡವರ ರಂಗಭೂಮಿಗೆ ಸಾಲುವ ಮಾತು ಜಮಖಂಡಿಯ ಎಂಟು ವರ್ಷದ ಮಗುವಿಗೆ ವೇದಿಕೆಯ ಮೇಲೆ ತಪ್ಪಾಗುವುದು ಹೇಗೆ?

ಕನ್ನಡದಲ್ಲಿ ಮಕ್ಕಳಿಗಾಗಿ ಶಾಲೆಯ ಹೊರಗೆ ಏನಾದರೂ ಕಟ್ಟಿದವರು ಮಕ್ಕಳನ್ನು ತಿದ್ದುವ ಆತುರದಿಂದ ಹೊರಟವರಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಾಡಿದ ಪ್ರಯೋಗಗಳು, 1938ರಲ್ಲಿ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಆರಂಭಿಸಿದ ಮಕ್ಕಳ ಕೂಟ, ಇವೆಲ್ಲ ಶಾಲೆ ಕೊಡದ ಬಿಡುವನ್ನು ಮಕ್ಕಳಿಗೆ ಕೊಡಲು ಹುಟ್ಟಿದವು. ಬಿ.ವಿ. ಕಾರಂತರು ಟಾಗೋರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು. ಗಿಳಿಗೆ ವಿದ್ಯೆ ಕಲಿಸಲು ಬಂಗಾರದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಮೇಲ್ವಿಚಾರಕರು ಬರುತ್ತಾರೆ. ಗಿಳಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ನಮ್ಮ ಶಿಬಿರಗಳು ಅದೇ ನಾಟಕವನ್ನು ಆಡಿಸುವಾಗಲೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತವೆ ಎಂಬುದು ನನಗೆ ತೀರ ನೋವಿನ ಸಂಗತಿ.

ಅದೇ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿದ್ದ ಮೈಸೂರಿನ ರಂಗಾಯಣದ ಬೇಸಿಗೆ ಶಿಬಿರವಾದ ಚಿಣ್ಣರ ಮೇಳವೇ ಇಂದು ರಾಜ್ಯದ ಬಹಳ ಶಿಬಿರಗಳಿಗೆ ಮಾದರಿ. ಧಾರವಾಡ ರಂಗಾಯಣವೂ ಮೇಳ ನಡೆಸುತ್ತದೆ, ನಮ್ಮ ಕಡೆಯ ಸಂಚಾಲಕರು ಅಲ್ಲಿಗೆ ಹೋಗಿ ನೋಡಿ ಬಂದವರು. ಆದರೆ ನೋಡಿ ಬಂದದ್ದು ಕೊನೆಯ ನಾಟಕಗಳನ್ನು, ಬಣ್ಣದ ಮುಖವಾಡಗಳನ್ನು. ರಂಗಾಯಣದಲ್ಲಿ ಮಕ್ಕಳ ಗುಂಪಿನ ಜೊತೆ ತಿಂಗಳು ಪೂರ್ತಿ ಇರುವವರು ವರ್ಷವಿಡೀ ರಂಗದ ಮೇಲೆ ದುಡಿಯುವ, ತರಬೇತಾದ, ಸಂಬಳ ಪಡೆಯುವ ಕಲಾವಿದರು. ಆ ಮನುಷ್ಯರನ್ನು ಬಿಟ್ಟು ಮುಖವಾಡ ಮಾತ್ರ ತಂದುಕೊಂಡೆವು.

ಸ್ಥಳೀಯವಾದದ್ದು ಏನಿದೆ ಎಂದು ಕೇಳುವವರಿಗೆ ಮಕ್ಕಳದೇ ಪಂಚಾಂಗವೊಂದು ನಮ್ಮಲ್ಲಿದೆ. ಕಾಮನ ಹಬ್ಬಕ್ಕೆ ಹಲಗಿ ಬಡಿಯುತ್ತ ಕಟ್ಟಿಗೆ ಕೂಡಿಸುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದು, ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ ಅಂಟಿಸಿ ಹಾಡುವುದು. ಇದನ್ನೆಲ್ಲ ಯಾವ ಸಂಪನ್ಮೂಲ ವ್ಯಕ್ತಿಯೂ ಕಲಿಸಲಿಲ್ಲ, ದೊಡ್ಡ ಹುಡುಗಿಯಿಂದ ಸಣ್ಣ ಹುಡುಗಿಗೆ ಹೋಯಿತು. ಶಿಬಿರದಲ್ಲಿ ನಾವು ‘ಕ್ಲೇ ಮಾಡೆಲಿಂಗ್’ ಎಂದು ಪ್ಯಾಕೆಟ್ಟಿನ ಬಣ್ಣದ ಜೇಡಿ ತಂದು ಅಣಬೆ, ಹಿಮಮಾನವ ಮಾಡಿಸುತ್ತೇವೆ. ಕಪ್ಪು ಮಣ್ಣಿನ ಈ ಊರಲ್ಲಿ! ನಾಟಕಕ್ಕೆ ಕಥೆಯೂ ಇಲ್ಲೇ ಇದೆ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ವಿರುದ್ಧ ನಿಂತದ್ದು ಲಾವಣಿಯಾಗಿ ಹಾಡಾಗಿದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸ್ವಂತ ದುಡ್ಡು, ಸ್ವಂತ ದುಡಿಮೆ ಹಾಕಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಅಲ್ಲಿಗೆ ಮಕ್ಕಳನ್ನು ಒಂದು ಮುಂಜಾನೆ ಕರೆದೊಯ್ದು, ಕಲ್ಲು ಹೊತ್ತ ಮುತ್ಯಾರನ್ನು ಕೂರಿಸಿ ಮಾತಾಡಿಸಿದರೆ ನಾಟಕ ತಾನೇ ಹುಟ್ಟುತ್ತದೆ. ಬರೆದ ಸ್ಕ್ರಿಪ್ಟು ಬೇಕಾಗುವುದಿಲ್ಲ.

ಇನ್ನು ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಮಾತು. ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಸೂಟಿ ಎಂದರೆ ಮಗ್ಗದ ಮನೆಗೆ ಇನ್ನೆರಡು ಕೈ ಬಂದಂತೆ. ಕಂಡಿಕೆ ಸುತ್ತಲು, ಎಳೆ ಕೂಡಿಸಲು ಮಕ್ಕಳು ಕೂರುತ್ತಾರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿತು. ಆದರೆ ಅಪಾಯವಿಲ್ಲದ ಮನೆತನದ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟಿತು. ಆ ಬಾಗಿಲಿನ ನೆವದಲ್ಲಿ ಬೇಸಿಗೆ ಸೂಟಿ ಈ ಮಕ್ಕಳಿಗೆ ದುಡಿಮೆಯ ಕಾಲವಾಗಿದೆ. ಮಗ್ಗದ ಸದ್ದು ಬಿಟ್ಟು ಐದು ತಾಸು ಬೇವಿನ ನೆರಳಿಗೆ ಬರಬೇಕಾದವರು ಇವರೇ, ಮತ್ತು ಫೀ ಕಟ್ಟಲಾಗದೆ ಹೊರಗುಳಿಯುವವರೂ ಇವರೇ.

ಸರಕಾರ ಏನೂ ಮಾಡಿಲ್ಲ ಎನ್ನಲಾರೆ. ಬಾಲಭವನದ ಶಿಬಿರಗಳಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಅಲ್ಲಿಯೂ ಬೇಸಿಗೆ ಶಿಬಿರಗಳು ನಡೆದಿವೆ. ಫೀ ಇಲ್ಲ, ಮನೆಗೆ ಹತ್ತಿರ, ಕೈಗೆ ಪುಸ್ತಕ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಪಟ್ಟಣದ ಖಾಸಗಿ ಶಿಬಿರಕ್ಕಿಂತ ಇದು ಸರಿಯಾದ ದಾರಿ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆಯಿತು. ಊಟ ಅಲ್ಲಿತ್ತು, ಶಾಲೆಯ ಅಂಗಳ ಅಲ್ಲಿತ್ತು. ಜೊತೆಗೆ ಇಬ್ಬರು ಅಕ್ಕಂದಿರು ಎರಡು ತಾಸು ಇದ್ದಿದ್ದರೆ ಪ್ರತಿ ಹಳ್ಳಿಯಲ್ಲೂ ಒಂದು ಶಿಬಿರವಾಗುತ್ತಿತ್ತು.

ಮತ್ತೆ ಆ ಅಕ್ಕಂದಿರ ಮಾತಿಗೇ ಬರಬೇಕು. ಬೇಸಿಗೆ ಶಿಬಿರ ಎಂಬ ರೂಢಿ ಅಮೆರಿಕದಲ್ಲಿ ಬೆಳೆದದ್ದು. 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಮೇಷ್ಟ್ರು ತಮ್ಮ ಶಾಲೆಯ ಹುಡುಗರನ್ನು ಕರೆದೊಯ್ದು ಬಯಲಿನಲ್ಲಿ ಡೇರೆ ಹಾಕಿದ್ದನ್ನು ಅದರ ಮೊದಲು ಎನ್ನುತ್ತಾರೆ. ಅಲ್ಲಿ ಮಕ್ಕಳ ಜೊತೆ ಇರುವ ಯುವಕರಿಗೆ ಹೆಸರಿದೆ, ಪಗಾರ ಇದೆ, ಮಕ್ಕಳು ಬರುವ ಮುಂಚೆ ತರಬೇತಿ ಕೊಡುವ ವಾಡಿಕೆಯಿದೆ. ನಮ್ಮಲ್ಲಿ ಅವರಿಗೆ ಸಿಗುವುದು ಊಟ, ಪೆಟ್ರೋಲಿನ ದುಡ್ಡು, ಒಂದು ಸರ್ಟಿಫಿಕೇಟು. ಅವರು ಯಾರು, ಎಲ್ಲಿಂದ ಬಂದರು ಎಂದು ವಿಚಾರಿಸುವುದೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ. ಮಕ್ಕಳ ನಡುವೆ ದಿನವಿಡೀ ಇರುವವರ ಪೂರ್ವಾಪರ ತಿಳಿಯುವುದು, ಹೆಣ್ಣುಮಕ್ಕಳ ಗುಂಪಿಗೆ ಹೆಂಗಸರೇ ಇರುವಂತೆ ನೋಡುವುದು, 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗೆ ಅಂಟಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಸಮಾರೋಪದ ಶಾಮಿಯಾನ, ಸೌಂಡ್ ಸಿಸ್ಟಮ್, ಶಾಲು ಹಾರಗಳಿಗೆ ಹೋಗುವ ದುಡ್ಡಿನಲ್ಲಿ ನಾಲ್ವರಿಗೆ ಮರ್ಯಾದೆಯ ಪಗಾರವನ್ನೂ ಮೂರು ದಿನದ ತರಬೇತಿಯನ್ನೂ ಕೊಡಬಹುದು. ಸಂಚಾಲಕರು ಈ ವರ್ಷವೇ ಅದನ್ನು ಮಾಡಬೇಕು. ಕೊನೆಯ ದಿನ ಪಾಲಕರನ್ನು ಕರೆಯಿರಿ, ಆದರೆ ವೇದಿಕೆ ಬೇಡ. ಬೆಳಿಗ್ಗೆ ಎಂಟಕ್ಕೇ ಬಂದು ಮಕ್ಕಳ ಜೊತೆ ಒಂದರವರೆಗೆ ಇದ್ದು ಹೋಗಲಿ.

ಪಾಲಕರಲ್ಲಿಯೂ ಒಂದು ಬಿನ್ನಹ. ಹೆಸರು ಹಚ್ಚಲು ಹೋದಾಗ ಏನೇನು ಕಲಿಸುತ್ತೀರಿ ಎಂದು ಕೇಳುವುದನ್ನು ಒಂದು ವರ್ಷ ಬಿಡಿ. ದಿನವಿಡೀ ನನ್ನ ಮಗುವಿನ ಜೊತೆ ಇರುವವರು ಯಾರು, ಅವರಿಗೆ ಏನು ಕಲಿಸಿದ್ದೀರಿ, ಏನು ಕೊಡುತ್ತೀರಿ ಎಂದು ಕೇಳಿ. ಅವರನ್ನು ಕರೆಸಿ ಮಾತಾಡಿ. ಉತ್ತರ ಸರಿಯಾಗಿ ಬಾರದಿದ್ದರೆ ಆ ಫೀ ಉಳಿಸಿಕೊಂಡು ಮಗುವನ್ನು ಆಯಿ-ಮುತ್ಯಾರ ಊರಿಗೆ ಕಳಿಸಿ.