ನಿರರ್ಗಳತೆ ಯಾವ ಭಾಷೆಯದು? ಪದವಿ ಮೊದಲ ವರ್ಷದ ಡಿಜಿಟಲ್ ಕೌಶಲ ಪಠ್ಯವನ್ನು ಕುರಿತು

ರಾಷ್ಟ್ರೀಯ ಶಿಕ್ಷಣ ನೀತಿಯ ಅನುಷ್ಠಾನದ ಅಂಗವಾಗಿ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ 2021-22ರ ಸಾಲಿನಿಂದ ಪದವಿಯ ಮೊದಲ ವರ್ಷಕ್ಕೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಕೌಶಲ ಪಠ್ಯವೊಂದು ಬಂದಿತು. ‘ಫ್ಲೂಯೆನ್ಸಿ’ ಎಂಬುದು ಮೂಲತಃ ಭಾಷಾಲೋಕದ ಮಾತು. ತಡವರಿಸದೆ ಮಾತನಾಡಬಲ್ಲವರ ನುಡಿಯನ್ನು ನಾವು ನಿರರ್ಗಳ ಎನ್ನುತ್ತೇವೆ. ಈ ರೂಪಕವನ್ನು ತಂತ್ರಜ್ಞಾನಕ್ಕೆ ಎರವಲು ತಂದ ಪಠ್ಯವು ಭಾಷೆಗೆ ಎಷ್ಟು ಸ್ಥಳ ಕೊಟ್ಟಿದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಅದನ್ನು ಗಡಿಯ ಈಚೆಗೆ, ಹೊಸೂರಿನ ಬದಿಯಲ್ಲಿ ನಿಂತು ಕೇಳುವುದಕ್ಕೂ ಕಾರಣವಿದೆ.

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಲಯದ ಮೂಕಂಡಪಲ್ಲಿಯ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಮನೆಮಾತು ಕನ್ನಡ, ನೆರೆಯವರದು ತೆಲುಗು, ಅಂಗಡಿ, ಕಚೇರಿಗಳಲ್ಲಿ ತಮಿಳು. ಶಾಲೆಯ ಓದು ಕನ್ನಡ ಮಾಧ್ಯಮದಲ್ಲಿ ಆಗಿದೆ. ಅವಳು ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿನ ಕಾಲೇಜು ಸೇರಬಹುದು. ಇಲ್ಲಿಯೇ ಉಳಿದು ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಒಳಪಟ್ಟ ಕಾಲೇಜನ್ನೂ ಸೇರಬಹುದು. 2021ರಿಂದೀಚೆಗೆ ಆಚೆ ಹೋದವರಿಗೆ ಡಿಜಿಟಲ್ ಫ್ಲೂಯೆನ್ಸಿ ಎದುರಾಯಿತು. ಈಚೆ ಉಳಿದವರಿಗೆ, ತಮಿಳುನಾಡು ಸರ್ಕಾರ 2022ರ ಮಾರ್ಚ್ 1ರಂದು ಆರಂಭಿಸಿದ ‘ನಾನ್ ಮುದಲ್ವನ್’ ಯೋಜನೆಯ ಕೌಶಲ ಪಾಠಗಳು ಇವೆ. ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. ಕಾಲೇಜಿನ ಹೊಸ್ತಿಲಲ್ಲಿ ಇವಳಿಗೆ ಆ ಆಸರೆಯೂ ಇಲ್ಲ. ಕನ್ನಡ ಈಚೆ ಅಲ್ಪಸಂಖ್ಯಾತರ ಭಾಷೆಯಾದ್ದರಿಂದ ಪಾಠದೊಳಗೆ ಬರಲಿಲ್ಲ ಎನ್ನಬಹುದು. ಅದು ರಾಜ್ಯಭಾಷೆಯಾಗಿರುವ ಆಚೆಯ ಪಠ್ಯದಲ್ಲಿಯೂ ಏಕೆ ಬರಲಿಲ್ಲ ಎಂಬುದೇ ವಿಚಾರಾರ್ಹ. ಆದುದರಿಂದ ವಿಮರ್ಶೆಗೆ ಆ ಪಠ್ಯವನ್ನೇ ಎತ್ತಿಕೊಳ್ಳುತ್ತೇನೆ.

ಎರಡು ಕ್ರೆಡಿಟ್‌ಗಳ ಈ ಪಠ್ಯದಲ್ಲಿ ಮೂರು ಘಟ್ಟಗಳಿವೆ. ಕೃತಕ ಬುದ್ಧಿಮತ್ತೆ, ಯಂತ್ರ ಕಲಿಕೆ, ದತ್ತಸಂಚಯ, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಸುರಕ್ಷತೆಗಳ ಸ್ಥೂಲ ಪರಿಚಯ ಮೊದಲನೆಯದು. ಅವುಗಳ ಅನ್ವಯ ಎರಡನೆಯದು. ಸಂವಹನ, ವಿಮರ್ಶಾತ್ಮಕ ಚಿಂತನೆ, ತಂಡವಾಗಿ ದುಡಿಯುವಿಕೆ, ವಿನ್ಯಾಸ ಚಿಂತನೆ ಮೊದಲಾದುವು ಮೂರನೆಯದು. ತರಗತಿಯ ಪಾಠಕ್ಕೆ ಪೂರಕವಾಗಿ ನಾಸ್ಕಾಮ್‌ನ ಫ್ಯೂಚರ್‌ಸ್ಕಿಲ್ಸ್ ಪ್ರೈಮ್ ಜಾಲತಾಣದ, ತನ್ನದೇ ವೇಗದಲ್ಲಿ ಕಲಿಯುವ ಪಾಠಗಳತ್ತ ವಿದ್ಯಾರ್ಥಿಯನ್ನು ಕಳುಹಿಸುತ್ತದೆ. ಇದರ ಗುಣವನ್ನು ಮೊದಲು ಹೇಳಬೇಕು. ಕಲಾ ವಿಭಾಗದ ವಿದ್ಯಾರ್ಥಿಯೂ ವಾಣಿಜ್ಯ ವಿಭಾಗದ ವಿದ್ಯಾರ್ಥಿಯೂ ವಿಜ್ಞಾನದವರ ಜೊತೆಗೆ ಇದನ್ನು ಓದಬೇಕೆಂದು ಬಯಸಿದ್ದು ಉದಾರವಾದ ನಿಲುವು. ಸೈಬರ್ ವಂಚನೆಯ ಬಗೆಗಳನ್ನು ಮೊದಲ ವರ್ಷದಲ್ಲೇ ತಿಳಿಸಬೇಕೆಂಬುದೂ ಸರಿಯೇ.

ಆದರೆ ಈ ಪಠ್ಯದ ವಿದ್ಯಾರ್ಥಿ ಏನನ್ನೂ ಬರೆಯುವುದಿಲ್ಲ. ಯಂತ್ರ ಕಲಿಕೆಯ ಹೆಸರನ್ನು ಕೇಳಿದವಳು ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಕೀಲಿಮಣೆಯ ಮೇಲೆ ಮೂಡಿಸಲು ಕಲಿಯುವುದಿಲ್ಲ. ಯೂನಿಕೋಡ್ 1991ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡ ಅದರಲ್ಲಿತ್ತು. ಆದರೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚಾದ ಪ್ರಬಂಧವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದಾಗ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುವ ಅನುಭವ ಕನ್ನಡ ವಿಭಾಗಗಳಿಗೆ ಹೊಸದಲ್ಲ. ಅಂಥ ಕಡತದಲ್ಲಿ ಒಂದು ಕನ್ನಡ ಪದವನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಹೀಗಾಗುವುದೇಕೆಂದು ತಿಳಿದವಳಿಗೆ, ಕಂಪ್ಯೂಟರು ಅಕ್ಷರದ ಆಕಾರವನ್ನೂ ಅಕ್ಷರದ ಗುರುತನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆಂಬ ಮೂಲತತ್ವ ತಾನಾಗಿ ಅರ್ಥವಾಗುತ್ತದೆ. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಅರ್ಕಾವೊತ್ತು ಕೊನೆಗೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವೇ ಮೊದಲು. ದತ್ತಾಂಶವೆಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಕನ್ನಡವನ್ನು ಹೊರಗಿಟ್ಟದ್ದರಿಂದ ಕನ್ನಡಕ್ಕೆ ನಷ್ಟವಾಯಿತೆಂಬ ದೂರು ಹಳೆಯದು. ನಷ್ಟವಾದದ್ದು ತಂತ್ರಜ್ಞಾನದ ಪಾಠಕ್ಕೂ ಹೌದು.

ಇನ್ನು ‘ತನ್ನದೇ ವೇಗ’ದ ವಿಚಾರ. ಈ ಕಲ್ಪನೆಗೆ ಅಂತರ್ಜಾಲಕ್ಕಿಂತ ಹಿಂದಿನ ಚರಿತ್ರೆಯಿದೆ. ಅಮೆರಿಕದ ಮನೋವಿಜ್ಞಾನಿ ಫ್ರೆಡ್ ಕೆಲ್ಲರ್ 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಗತಿಯಲ್ಲಿ ಘಟಕದಿಂದ ಘಟಕಕ್ಕೆ ಸಾಗುವ ಕ್ರಮವೊಂದನ್ನು ವಿವರಿಸಿದರು. ಒಂದು ಘಟಕವನ್ನು ಪೂರ್ಣವಾಗಿ ಅರಿತ ಮೇಲೆಯೇ ಮುಂದಿನದು. ಆದರೆ ಆ ಕ್ರಮದ ಜೀವಾಳ ‘ಪ್ರಾಕ್ಟರ್’. ಅದೇ ಪಾಠವನ್ನು ಹಿಂದೆ ಮುಗಿಸಿದ ಹಿರಿಯ ವಿದ್ಯಾರ್ಥಿಯೊಬ್ಬ ಕಿರಿಯವನ ಪಕ್ಕದಲ್ಲಿ ಕುಳಿತು, ಉತ್ತರವನ್ನು ನೋಡಿ, ತಪ್ಪಿದ್ದಲ್ಲಿ ಮಾತನಾಡಿ ತಿದ್ದುತ್ತಿದ್ದ. ಇಂದಿನ ಅಂತರ್ಜಾಲ ಪಾಠಗಳು ಕೆಲ್ಲರರ ಗತಿಯನ್ನು ಉಳಿಸಿಕೊಂಡು ಆ ಜೊತೆಗಾರನನ್ನು ಬಿಟ್ಟುಕೊಟ್ಟಿವೆ. ‘ಪ್ರಾಕ್ಟರ್’ ಎಂಬ ಪದ ಈಗ ಪರೀಕ್ಷೆಯಲ್ಲಿ ನಕಲು ನಡೆಯದಂತೆ ಕಾಯುವವನಿಗೆ, ಕೆಲವೊಮ್ಮೆ ಕ್ಯಾಮೆರಾಕ್ಕೆ, ಸಲ್ಲುತ್ತಿದೆ. ಕಲಿಸುವ ಸಖ್ಯವನ್ನು ಸೂಚಿಸಿದ ಪದ ಕಾವಲಿಗೆ ಇಳಿದಿದೆ.

ಜೊತೆಗಾರನಿಲ್ಲದ ಗತಿ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಇಂಗ್ಲಿಷಿನಲ್ಲಿ ಓದಿ ಬಂದವನಿಗೆ ಹತ್ತು ನಿಮಿಷದ ವೀಡಿಯೊ ಹತ್ತೇ ನಿಮಿಷದ್ದು. ನಮ್ಮ ವಿದ್ಯಾರ್ಥಿನಿ ಅದನ್ನೇ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಪದದ ಅರ್ಥ ಹುಡುಕಿ ನೋಡಬೇಕು. ಅವಳ ಸಮಯ ಕೌಶಲಕ್ಕೆ ಸಲ್ಲುವ ಮೊದಲು ವಾಕ್ಯವನ್ನು ಬಿಡಿಸುವುದರಲ್ಲಿ ಕಳೆದಿರುತ್ತದೆ. ಸೆಮಿಸ್ಟರಿನ ಕೊನೆಯ ದಿನ ಮಾತ್ರ ಇಬ್ಬರಿಗೂ ಒಂದೇ. ಇದನ್ನು ಸ್ವಾತಂತ್ರ್ಯವೆನ್ನಲು ಬರುವುದಿಲ್ಲ. ಇದು ಸಣ್ಣ ಸಂಗತಿಯೂ ಅಲ್ಲ: 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯ ಮೂಲಕ ಒಂದು ಸೆಮಿಸ್ಟರಿನ ಪಠ್ಯಗಳಲ್ಲಿ ಶೇ. 40ರವರೆಗೆ ಓದಲು ಯುಜಿಸಿಯ 2021ರ ನಿಯಮಾವಳಿ ಅವಕಾಶ ಕೊಟ್ಟಿದೆ. ಮೊದಲ ವರ್ಷದಲ್ಲಿ ಪರದೆಯೆದುರು ಒಬ್ಬಳೇ ಸೋತವಳು ಮುಂದಿನ ವರ್ಷಗಳಲ್ಲಿಯೂ ಸೋಲುವ ಸಂಭವವಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕಂಪ್ಯೂಟರಿನ ಲೋಕ ಇಂಗ್ಲಿಷಿನದು. ಸಿಪ್‌ಕಾಟ್‌ನ ಕಾರ್ಖಾನೆಯಲ್ಲಾಗಲಿ ಬೆಂಗಳೂರಿನ ಕಂಪನಿಯಲ್ಲಾಗಲಿ ಕೆಲಸ ಬಯಸುವವರು ಅದನ್ನೇ ಕಲಿಯಲಿ. ಕನ್ನಡದಲ್ಲಿ ಪಾಠ ಕೊಟ್ಟು ಅವರನ್ನು ಹಿಂದೆ ಉಳಿಸಬೇಡಿ ಎಂದು ತಂದೆತಾಯಿಗಳೇ ಹೇಳಿಯಾರು. ಈ ಮಾತಿನಲ್ಲಿ ಹುರುಳಿದೆ. ಟಂಕಿಸಿದ ಸಂಸ್ಕೃತ ಪದಗಳ ಭಾರದಿಂದ ಕುಸಿದ ಅನುವಾದವಂತೂ ಇಂಗ್ಲಿಷಿಗಿಂತ ಕಠಿಣವಾದೀತು. ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಕನ್ನಡಕ್ಕೂ ಅನುವಾದಗೊಂಡಿರುವುದು ಸ್ವಾಗತಾರ್ಹವಾದರೂ, ಕೇವಲ ಅನುವಾದದಿಂದ ಈ ಕೊರತೆ ತುಂಬದು. ನಾನು ಕೇಳುತ್ತಿರುವುದು ಬೇರೆ. ‘ಫೈಲ್’, ‘ಫೋಲ್ಡರ್’, ‘ಪಾಸ್‌ವರ್ಡ್’ಗಳು ಹಾಗೆಯೇ ಇರಲಿ, ಅವುಗಳನ್ನು ವಿವರಿಸುವ ವಾಕ್ಯ ವಿದ್ಯಾರ್ಥಿಯದಾಗಿರಲಿ. ತನ್ನ ಭಾಷೆಯಲ್ಲಿ ಒಮ್ಮೆ ಗ್ರಹಿಸಿದ ವಿಷಯದ ಇಂಗ್ಲಿಷ್ ವಿವರಣೆಯನ್ನು ಅನಂತರ ಓದುವುದು ಸುಲಭ. ಬಹುಭಾಷಿಕರಾದ ಓದುಗರಿಗೆ ಇದು ಸ್ವಂತ ಅನುಭವದಿಂದಲೇ ಗೊತ್ತು.

ಹೊಸೂರಿನ ನೆಲ ಈ ಪಠ್ಯಕ್ಕೆ ಒಂದು ಮೇಲ್ಪಂಕ್ತಿಯನ್ನೂ ಕೊಡಬಲ್ಲುದು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕಕಾರ ಇರುವ ಕೀಲಿಯಲ್ಲೇ ತೆಲುಗಿನ, ತಮಿಳಿನ ಕಕಾರಗಳೂ ಇವೆ. ಕನ್ನಡದಲ್ಲಿ ಕೆ. ಪಿ. ರಾವ್ ವಿನ್ಯಾಸವೂ ತಮಿಳಿನಲ್ಲಿ ತಮಿಳ್99 ವಿನ್ಯಾಸವೂ ಹೆಚ್ಚು ರೂಢಿಯಲ್ಲಿವೆ, ನಿಜ. ಆದರೂ ಮೂರು ಲಿಪಿಗಳ ನಡುವೆ ಬದುಕುವವಳು ಒಂದು ಸಲ ಬೆರಳು ಪಳಗಿಸಿಕೊಂಡರೆ ಮೂರರಲ್ಲಿಯೂ ಬರೆಯಬಲ್ಲಳು. ಅವಳ ಬಹುಭಾಷಿಕತೆಯನ್ನು ಅಡ್ಡಿಯೆಂದು ನೋಡುವ ಪಠ್ಯಕ್ಕೆ ಈ ಸಾಧ್ಯತೆ ಹೊಳೆಯುವುದಿಲ್ಲ.

2024ರಲ್ಲಿ ಕರ್ನಾಟಕವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನೀತಿ ಬದಲಾಯಿತೆಂದು ಅದರ ಹಿಂದಿದ್ದ ಗ್ರಹಿಕೆ ಬದಲಾಗಿದೆ ಎನ್ನಲಾಗದು. ಮುಂದೆ ಗಡಿಯ ಆಚೆಗಾಗಲಿ ಈಚೆಗಾಗಲಿ ಇಂಥ ಪಠ್ಯವನ್ನು ರೂಪಿಸುವವರು ಮೊದಲ ಘಟಕವನ್ನು ಕೀಲಿಮಣೆ, ಲಿಪಿ, ಕಡತಗಳಿಂದ ತೊಡಗಲಿ. ಹಿಂದಿನ ವರ್ಷ ಪಾಠ ಮುಗಿಸಿದ, ಕಲಿಯುವವಳ ಭಾಷೆ ಬಲ್ಲ ವಿದ್ಯಾರ್ಥಿಯೊಬ್ಬಳನ್ನು ಅವಳ ಪಕ್ಕದಲ್ಲಿ ಕೂರಿಸಿ, ಆ ಕೆಲಸಕ್ಕೂ ಕ್ರೆಡಿಟ್ ಕೊಡಲಿ. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನ ಕೇಂದ್ರಗಳು ಈ ಮೊದಲ ಘಟಕವನ್ನು ಬರೆದುಕೊಡುವ ಹೊಣೆಯನ್ನು ತಾವೇ ಹೊರುವುದು ಉಚಿತ. ಮೂಕಂಡಪಲ್ಲಿಯ ವಿದ್ಯಾರ್ಥಿನಿ ತನ್ನ ಮೊದಲ ಸೆಮಿಸ್ಟರಿನ ಪ್ರಬಂಧವನ್ನು ಕನ್ನಡದಲ್ಲಿ ಬೆರಳಚ್ಚಿಸಿ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡದಂತೆ ಕಳುಹಿಸಿದ ದಿನ ‘ಫ್ಲೂಯೆನ್ಸಿ’ ಎಂಬ ಹೆಸರು ಆ ಪಠ್ಯಕ್ಕೆ ಒಪ್ಪುತ್ತದೆ.