ಆರನೆಯ ಅಧ್ಯಾಯದಲ್ಲಿ ನಿಂತ ಓದು

ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಬರೆದ ಮೇರಿ ಆ್ಯನ್ ಇವಾನ್ಸ್ ಅವರ ‘ಸೈಲಸ್ ಮಾರ್ನರ್’ ಪ್ರಕಟವಾದುದು 1861ರಲ್ಲಿ. ಆಕೆಯ ಕಾದಂಬರಿಗಳಲ್ಲೆಲ್ಲ ಇದು ಗಾತ್ರದಲ್ಲಿ ಚಿಕ್ಕದು. ಚಿಕ್ಕದೆಂಬ ಗುಣವೇ ಅದನ್ನು ತರಗತಿಯೊಳಕ್ಕೆ ಎಳೆದು ತಂದಿರಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಗಳ ಓದುಪಟ್ಟಿಗೆ ಸೇರಿದ ಈ ಕೃತಿ, ಅಲ್ಲಿನ ಪ್ರೌಢಶಾಲೆಗಳಲ್ಲಿ ಹಲವು ತಲೆಮಾರುಗಳ ಕಾಲ ಕಡ್ಡಾಯದ ಓದಾಗಿ ಉಳಿಯಿತು. ಭಾರತದ ಕಾಲೇಜುಗಳಲ್ಲಿಯೂ ಇದು ಇಂಗ್ಲಿಷ್ ಪಠ್ಯವಾಗಿ ಬಂದುಹೋಗಿದೆ. ಹೀಗೆ ಇದನ್ನು ಬಲವಂತಕ್ಕೆ ಓದಿದವರಲ್ಲಿ ಅನೇಕರಿಗೆ ನೆನಪಿರುವುದು ಕಥೆಯಲ್ಲ, ಬೇಸರ.

ಆ ಬೇಸರವನ್ನು ಸೋಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊದಲ ಭಾಗವನ್ನು ಓದಿದ ಪ್ರಕಾಶಕ ಜಾನ್ ಬ್ಲಾಕ್‌ವುಡ್ ಅವರಿಗೇ ಕಥೆ ಮಂಕಾಗಿ ಕಂಡಿತ್ತು. ಹಾಗೆ ಕಂಡದ್ದು ಆಶ್ಚರ್ಯವಲ್ಲವೆಂದು ಲೇಖಕಿಯೂ ಪತ್ರದಲ್ಲಿ ಒಪ್ಪಿಕೊಂಡರು. ವರ್ಡ್ಸ್‌ವರ್ತ್ ಕವಿ ತೀರಿಕೊಂಡ ಮೇಲೆ ತಮ್ಮನ್ನು ಬಿಟ್ಟು ಬೇರಾರಿಗೂ ಇದರಲ್ಲಿ ಆಸಕ್ತಿ ಹುಟ್ಟೀತೆಂದು ನಂಬಿರಲಿಲ್ಲವೆಂಬುದು ಆಕೆಯದೇ ಮಾತು. ಪ್ರಕಾಶಕನಿಗೆ ಇದ್ದ ಸ್ವಾತಂತ್ರ್ಯ ಹದಿನಾಲ್ಕರ ವಿದ್ಯಾರ್ಥಿಗೆ ಏಕಿರಬಾರದು?

ಬೇಸರ ಎಲ್ಲಿ ಗಟ್ಟಿಯಾಗುತ್ತದೆಂಬುದನ್ನು ಬೊಟ್ಟುಮಾಡಿ ತೋರಿಸಬಹುದು. ಐದನೆಯ ಅಧ್ಯಾಯದ ಕೊನೆಯಲ್ಲಿ, ಹದಿನೈದು ವರ್ಷ ಕೂಡಿಟ್ಟ ಚಿನ್ನ ಕಳವಾದುದನ್ನು ಕಂಡ ನೇಕಾರ ಮಳೆಯಲ್ಲಿ ಓಡೋಡಿ ‘ರೇನ್‌ಬೋ’ ಪಾನಗೃಹಕ್ಕೆ ಬರುತ್ತಾನೆ. ಕಳ್ಳನಾರೆಂಬುದು ಓದುಗನಿಗೆ ಗೊತ್ತು, ಮುಂದೇನಾಯಿತೆಂಬುದಷ್ಟೇ ಬೇಕು. ಪುಟ ತಿರುಗಿಸಿದರೆ ಅಲ್ಲಿ ಕಟುಕನೂ ಲಾಳಗಾರನೂ ಒಂದು ಕೆಂಪು ಹಸುವಿನ ವಿಷಯದಲ್ಲಿ ವಾದಕ್ಕೆ ಕುಳಿತಿದ್ದಾರೆ. ಹಸು ಮುಗಿದರೆ ಚರ್ಚಿನ ಹಾಡುಗಾರಿಕೆ, ಅದು ಮುಗಿದರೆ ಹಳೆಯ ಮದುವೆಯೊಂದರ ಪ್ರಸಂಗ, ಕೊನೆಗೆ ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆ. ನೇಕಾರ ಬಾಗಿಲಲ್ಲೇ ನಿಂತಿದ್ದಾನೆ! ಎಷ್ಟೋ ಓದು ಇಲ್ಲಿಯೇ ನಿಂತುಹೋಗುತ್ತದೆ.

ಆದರೆ ಆ ಮದುವೆಯ ಪ್ರಸಂಗವನ್ನು ಹಾರಿಸಿ ಮುಂದೆ ಹೋದವನು ಕಾದಂಬರಿಯ ಬೀಗದ ಕೈಯನ್ನೇ ಬಿಟ್ಟುಹೋಗುತ್ತಾನೆ. ವಯಸ್ಸಾದ ಪಾದ್ರಿ ವಧೂವರರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅದಲುಬದಲು ಮಾಡಿಬಿಟ್ಟಾಗ, ಚರ್ಚಿನ ಗುಮಾಸ್ತ ಮೇಸಿಗೆ ಚಿಂತೆ ಹತ್ತುತ್ತದೆ: ಮದುವೆಯನ್ನು ಬಂಧಿಸುವುದು ಉಚ್ಚರಿಸಿದ ಮಾತೋ, ಮನಸ್ಸಿನಲ್ಲಿದ್ದ ಅರ್ಥವೋ? ಎರಡೂ ಅಲ್ಲ, ದಾಖಲೆ ಪುಸ್ತಕವೇ ಅಂಟು ಎನ್ನುತ್ತಾನೆ ಪಾದ್ರಿ. ನಗುವ ಮಾತು. ಆದರೆ ಲ್ಯಾಂಟರ್ನ್ ಯಾರ್ಡಿನ ಭಕ್ತಸಮುದಾಯ ಸೈಲಸ್‌ನನ್ನು ಕಳ್ಳನೆಂದು ನಿರ್ಣಯಿಸಿದ್ದೂ ಚೀಟಿ ಎತ್ತಿ. ಗೆಳೆಯನ ಕಪಟ ಚೀಟಿಗೆ ಕಾಣಲಿಲ್ಲ. ಗಾಡ್‌ಫ್ರಿ ಕ್ಯಾಸ್ ಗುಟ್ಟಾಗಿ ಮದುವೆಯಾಗಿ, ಹೆಂಡತಿಯನ್ನೂ ಮಗಳನ್ನೂ ಊರಿನಿಂದ ಮರೆಸಿಟ್ಟವನು. ಕೊನೆಗೆ ಎಪ್ಪಿಯ ತಂದೆ ಯಾರು ಎಂಬ ಪ್ರಶ್ನೆಯೂ ಇದೇ. ರಕ್ತವೋ, ದಾಖಲೆಯೋ, ಹದಿನಾರು ವರ್ಷ ಸಾಕಿದ ಕೈಯೋ? ಪಾನಗೃಹದ ಹರಟೆ ಇವೆಲ್ಲವನ್ನೂ ಮುಂದಾಗಿಯೇ ತೂಗಿ ನೋಡಿದೆ. ದೆವ್ವದ ಚರ್ಚೆ ಮುಗಿಯುವ ಹೊತ್ತಿಗೆ ಬಿಳಿಚಿದ ಸೈಲಸ್ ಒಳಗೆ ಕಾಲಿಡುತ್ತಾನೆ. ಅಲ್ಲಿದ್ದವರಿಗೆ ಆತ ದೆವ್ವವೆಂದೇ ಕಾಣುತ್ತಾನೆ. ಹದಿನೈದು ವರ್ಷ ಆ ಊರಿನಲ್ಲಿ ಅವನ ಸ್ಥಾನ ಅದೇ ಆಗಿತ್ತಲ್ಲವೇ?

ಇದನ್ನು ಪರಿಗ್ರಹದ ಕೇಡನ್ನು ಹೇಳುವ ಕಥೆಯೆಂದು ಎರಡು ಸಾಲಿನಲ್ಲಿ ಮುಗಿಸುವ ಅಭ್ಯಾಸವೂ ಇದೆ. ಚಿನ್ನದಿಂದ ಏನನ್ನಾದರೂ ಕೊಳ್ಳಬೇಕೆಂಬ ಆಸೆ ಸೈಲಸ್‌ಗೆ ಇರಲೇ ಇಲ್ಲ. ಮನುಷ್ಯರನ್ನು ನಂಬಿ ಮೋಸಹೋದವನಿಗೆ ನಾಣ್ಯಗಳ ಮುಖವೇ ಪರಿಚಿತ ಮುಖವಾಯಿತು. ಹನ್ನೆರಡು ವರ್ಷ ನೀರು ಹೊತ್ತ ಮಣ್ಣಿನ ಪಾತ್ರೆ ಒಡೆದಾಗ ಅವನು ಅದರ ಚೂರುಗಳನ್ನು ಜೋಡಿಸಿ, ಅದಿದ್ದ ಸ್ಥಳದಲ್ಲಿಯೇ ನಿಲ್ಲಿಸಿಡುತ್ತಾನೆ. ಅದರಿಂದ ಇನ್ನು ಉಪಯೋಗವಿಲ್ಲ. ಲೋಭಿ ಹೀಗೆ ಮಾಡುವುದಿಲ್ಲ. ಇಡೀ ಕೃತಿಯಲ್ಲಿ ಇದಕ್ಕಿಂತ ಮೃದುವಾದ ಪುಟ ಇಲ್ಲ. ಪರೀಕ್ಷೆಗೆಂದು ಓಡಿಸಿ ಓದುವವನ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಹಾಗೆಂದು ಕೃತಿ ನಿರ್ದೋಷವೆನ್ನಲಾಗದು. ಗಾಡ್‌ಫ್ರಿಗೆ ಅಡ್ಡಿಯಾಗಿದ್ದ ಮೊದಲ ಹೆಂಡತಿ, ಅವನಿಗೆ ಬೇಕಾದ ರಾತ್ರಿಯೇ ಹಿಮದಲ್ಲಿ ಬಿದ್ದು ಸಾಯುತ್ತಾಳೆ. ಮಗು ತಾನಾಗಿ ನಡೆದು ಸರಿಯಾದ ಒಲೆಯ ಮುಂದೆಯೇ ಮಲಗುತ್ತದೆ. ಹದಿನಾರು ವರ್ಷಗಳ ತರುವಾಯ ಕಲ್ಲುಗಣಿಯ ನೀರು ಬತ್ತಿ, ಕಳ್ಳನ ಅಸ್ಥಿಯೊಡನೆ ಚಿನ್ನವೂ ಸಿಗುತ್ತದೆ. ಎಪ್ಪಿಯಂತೂ ಬೆಳೆದ ಮೇಲೆ ಚಿತ್ರಪಟದಲ್ಲಿನ ಹುಡುಗಿಯಂತೆ ನಿಂತುಬಿಡುತ್ತಾಳೆ. ಇವು ವಿದ್ಯಾರ್ಥಿಯ ಅಜ್ಞಾನಕ್ಕೆ ತೋರಿದ ದೋಷಗಳಲ್ಲ, ಪುಸ್ತಕದಲ್ಲಿಯೇ ಇರುವವು.

ತರಗತಿ ಇವನ್ನು ಕೇಳುವುದಿಲ್ಲ ಎಂಬಲ್ಲಿ ತೊಂದರೆ ಇದೆ. ‘ಕೃತಿಯ ಸೌಂದರ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ, ಸೌಂದರ್ಯ ಕಾಣದ ಹುಡುಗನೂ ಎರಡು ಪುಟ ಬರೆಯಲೇಬೇಕು. ಅಮೆರಿಕದಲ್ಲಿ 1958ರಲ್ಲಿ ಆರಂಭವಾದ ಕ್ಲಿಫ್ಸ್ ನೋಟ್ಸ್‌ನಂತಹ ಮಾರ್ಗದರ್ಶಿಗಳು ಇಂಥ ಅಗತ್ಯದ ಮೇಲೆಯೇ ಬೆಳೆದವು. ಸುಳ್ಳು ಸಾಕ್ಷ್ಯದಿಂದ ಬಾಳು ಕೆಟ್ಟವನೊಬ್ಬನ ಕಥೆಯನ್ನು ಕೈಗೆ ಕೊಟ್ಟು, ಅದರ ಬಗ್ಗೆ ಸುಳ್ಳು ಸಾಕ್ಷ್ಯ ಬರೆಯಲು ಮಕ್ಕಳನ್ನು ಕೂರಿಸಿದಂತಾಯಿತು. ‘ಆರನೆಯ ಅಧ್ಯಾಯದಲ್ಲಿ ಪುಸ್ತಕ ಕೆಳಗಿಟ್ಟೆ, ಕಾರಣ ಇಂತಿದೆ’ ಎಂದು ಬರೆದವನಿಗೆ ಅಂಕ ಕೊಡುವ ಧೈರ್ಯ ಉಪಾಧ್ಯಾಯರಿಗೆ ಬಂದರೆ, ಆ ಕಾರಣವನ್ನು ಹುಡುಕಲಿಕ್ಕಾದರೂ ಅವನು ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆದಾನು.

ಕೃತಿ ಸ್ವತಃ ಇಂಥ ಅಪ್ಪಣೆಯ ಉತ್ತರವನ್ನು ಒಪ್ಪುವುದಿಲ್ಲ. ಕೊನೆಗೆ ಸೈಲಸ್ ಎಪ್ಪಿಯನ್ನು ಕರೆದುಕೊಂಡು, ತನ್ನ ನಿರಪರಾಧ ಬೆಳಕಿಗೆ ಬಂದಿತೇ ಎಂದು ವಿಚಾರಿಸಲು ಲ್ಯಾಂಟರ್ನ್ ಯಾರ್ಡಿಗೆ ಹೋಗುತ್ತಾನೆ. ಅಲ್ಲಿ ಪ್ರಾರ್ಥನಾ ಮಂದಿರವಿಲ್ಲ, ಗುರುವಿಲ್ಲ. ದೊಡ್ಡದೊಂದು ಕಾರ್ಖಾನೆ ನಿಂತಿದೆ, ಮಧ್ಯಾಹ್ನದ ಊಟಕ್ಕೆ ಕೆಲಸಗಾರರು ಹೊರಗೆ ಬರುತ್ತಿದ್ದಾರೆ. ಕೇಳಲು ಯಾರೂ ಸಿಗದೆ ಅವನು ಊರಿಗೆ ಹಿಂದಿರುಗುತ್ತಾನೆ.